ಸಿಪಾಯಿಯ ಕಿಲ್ಟ್ ಶಾಲೆಗೆ ಬಂದ ದಾರಿ

1746ರ ಏಪ್ರಿಲ್ 16ರಂದು ಸ್ಕಾಟ್‌ಲೆಂಡಿನ ಕಲೊಡೆನ್ ಬಯಲಿನಲ್ಲಿ ನಡೆದ ಕಾಳಗ ಒಂದು ಗಂಟೆಯೊಳಗೇ ಮುಗಿಯಿತು. ದೊರೆಯ ವಿರುದ್ಧ ದಂಗೆಯೆದ್ದು ಸೋತ ಗುಡ್ಡಗಾಡಿನವರ, ಅಂದರೆ ಹೈಲ್ಯಾಂಡರುಗಳ, ಕತ್ತಿ ಕಸಿದುಕೊಂಡರೆ ಸಾಲದು, ಅವರು ಉಟ್ಟ ಬಟ್ಟೆಯನ್ನೂ ಬಿಡಿಸಬೇಕೆಂದು ಲಂಡನ್ನಿನ ಪಾರ್ಲಿಮೆಂಟು ಅದೇ ವರ್ಷ ಕಾನೂನು ತಂದಿತು. ಕಿಲ್ಟ್ ಉಟ್ಟು ಸಿಕ್ಕಿಬಿದ್ದರೆ ಮೊದಲ ಸಲ ಆರು ತಿಂಗಳ ಸೆರೆವಾಸ, ಎರಡನೇ ಸಲ ಏಳು ವರ್ಷ ಕಡಲಾಚೆಗೆ ಗಡೀಪಾರು. ಗಂಡಸರ ಜೊತೆಗೆ ಹುಡುಗರನ್ನೂ ಕಾನೂನು ಹೆಸರಿಸಿಯೇ ಸೇರಿಸಿಕೊಂಡಿತ್ತು. ಬಿಟ್ಟದ್ದು ಒಬ್ಬರನ್ನೇ: ದೊರೆಯ ಸೈನ್ಯದಲ್ಲಿ ಚಾಕರಿಗಿದ್ದವರನ್ನು.

ಮುಂದೆ ಕಿಲ್ಟ್ ಶಾಲೆಯ ಹುಡುಗನ ಸೊಂಟಕ್ಕೇರಿದ್ದು ಈ ಒಂದು ವಿನಾಯಿತಿಯ ಬಾಗಿಲಿನಿಂದ. ಗುಡ್ಡಗಾಡಿನ ಹಳ್ಳಿಯಿಂದ ನೇರವಾಗಿ ಶಾಲೆಗೆ ನಡೆದುಬಂದ ಅನಾದಿ ಉಡುಪು ಅದೆಂದು ನಂಬುವವರು ಬಹಳ. ಹಾಗಲ್ಲ.

ಮೊದಲಿನ ಕಿಲ್ಟ್ ಹೊಲಿದ ಬಟ್ಟೆಯೂ ಆಗಿರಲಿಲ್ಲ. ನಮ್ಮ ಕುರಿಗಾಹಿಯ ಕಂಬಳಿಯ ಹಾಗೆ, ಹಗಲು ಹೊದಿಕೆ, ರಾತ್ರಿ ಹಾಸಿಗೆ. ಆ ಉದ್ದನೆಯ ಉಣ್ಣೆಯ ಬಟ್ಟೆಯನ್ನು ನೆರಿಗೆ ಹಿಡಿದು ನಡುಪಟ್ಟಿಯಿಂದ ಬಿಗಿದು, ಉಳಿದದ್ದನ್ನು ಹೆಗಲಿಗೆ ಎಸೆದುಕೊಳ್ಳುತ್ತಿದ್ದರು. ಮೇಲ್ಭಾಗ ಬಿಟ್ಟು ಸೊಂಟದಿಂದ ಮಂಡಿಯವರೆಗಿನ ಗಿಡ್ಡ ಕಿಲ್ಟ್ ಬಳಕೆಗೆ ಬಂದದ್ದು ಹದಿನೆಂಟನೆಯ ಶತಮಾನದಲ್ಲಿ. ಗ್ಲೆನ್‌ಗ್ಯಾರಿಯಲ್ಲಿ ಕಬ್ಬಿಣದ ಕುಲುಮೆ ನಡೆಸುತ್ತಿದ್ದ ಥಾಮಸ್ ರಾಲಿನ್‌ಸನ್ ಎಂಬ ಇಂಗ್ಲಿಷಿನವನೇ ಅದನ್ನು ಕಂಡುಹಿಡಿದನೆಂಬ ಮಾತು ಬಹುಕಾಲದಿಂದ ಇದೆ. ಸ್ಕಾಟರ ಮುಂದೆ ಇದನ್ನೆತ್ತಿದರೆ ಜಗಳ ಖಚಿತ.

ನಿಷೇಧವಿದ್ದ ಮೂವತ್ತೈದು ವರ್ಷವೂ ಕಿಲ್ಟ್ ಸಿಪಾಯಿಗಳ ಸ್ವತ್ತಾಗಿ ಉಳಿಯಿತು. 1778ರಲ್ಲಿ ಹುಟ್ಟಿದ ಲಂಡನ್ನಿನ ಹೈಲ್ಯಾಂಡ್ ಸೊಸೈಟಿ ಹೋರಾಡಿ 1782ರಲ್ಲಿ ಕಾನೂನನ್ನು ರದ್ದು ಮಾಡಿಸಿತು. ಅದರ ಮರುವರ್ಷ ಹೈಲ್ಯಾಂಡರುಗಳ 42ನೇ ರೆಜಿಮೆಂಟಿನ ಎರಡನೇ ದಳ ನಮ್ಮ ಮಂಗಳೂರಿನ ಕೋಟೆಯಲ್ಲಿ ಟಿಪ್ಪುವಿನ ಮುತ್ತಿಗೆಗೆ ಸಿಕ್ಕಿ ತಿಂಗಳುಗಟ್ಟಲೆ ಹಸಿದು, 1784ರ ಜನವರಿಯಲ್ಲಿ ಶರಣಾಯಿತು. ಅತ್ತ ಸ್ಕಾಟ್‌ಲೆಂಡಿನ ಊರಲ್ಲಿ ಬಡರೈತ ಅಷ್ಟರಲ್ಲಿ ಷರಾಯಿಗೆ ಒಗ್ಗಿಹೋಗಿದ್ದ. ಕಾನೂನು ಹೋದರೂ ಅವನು ಕಿಲ್ಟಿಗೆ ಮರಳಲಿಲ್ಲ.

ಇಂಥ ಸಿಪಾಯಿಗಳು ಸತ್ತರೆ, ಕೈಕಾಲು ಕಳೆದುಕೊಂಡರೆ, ಮಕ್ಕಳ ಗತಿ? ಅದೇ ಹೈಲ್ಯಾಂಡ್ ಸೊಸೈಟಿಯ ಮುತುವರ್ಜಿಯಿಂದ 1815ರಲ್ಲಿ, ವಾಟರ್‌ಲೂ ಯುದ್ಧದ ವರ್ಷವೇ, ಲಂಡನ್ನಿನಲ್ಲಿ ಕ್ಯಾಲಿಡೋನಿಯನ್ ಅಸೈಲಮ್ ಎಂಬ ಅನಾಥಾಲಯ-ಶಾಲೆ ಸ್ಥಾಪನೆಯಾಯಿತು. ಅಲ್ಲಿನ ಹುಡುಗರ ಸಮವಸ್ತ್ರ ರಾಯಲ್ ಸ್ಟುವರ್ಟ್ ಟಾರ್ಟನ್ನಿನ ಕಿಲ್ಟ್. ರಾಜಮನೆತನದ ಹೆಸರಿನ ಕೆಂಪು ಚೌಕುಳಿ ತಬ್ಬಲಿಗಳ ಮೈಮೇಲೆ! ಇದು ಮಮತೆಯೂ ಹೌದು, ಜಾಹೀರಾತೂ ಹೌದು; ಚಂದಾ ಕೊಡುವ ಸಿರಿವಂತರ ಕಣ್ಣಿಗೆ ಬೀಳಲು ಇದಕ್ಕಿಂತ ಒಳ್ಳೆಯ ವೇಷ ಯಾವುದಿದ್ದೀತು? ಉತ್ತರ ಲಂಡನ್ನಿನ ಕ್ಯಾಲಿಡೋನಿಯನ್ ರಸ್ತೆಗೆ ಆ ಹೆಸರು ಬಂದದ್ದು ಈ ಶಾಲೆಯಿಂದಲೇ. ಶಾಲೆ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಬುಷಿ ಎಂಬ ಊರಿಗೆ ಹೋಯಿತು. ಹೆಸರು ರಸ್ತೆಗೂ ಮೆಟ್ರೋ ನಿಲ್ದಾಣಕ್ಕೂ ಅಂಟಿಕೊಂಡಿದೆ.

ಅನಾಥರ ಉಡುಪನ್ನು ಉಳ್ಳವರ ಮಕ್ಕಳಿಗೂ ಒಪ್ಪುವಂತೆ ಮಾಡಿದ್ದು ಅರಮನೆ. 1822ರಲ್ಲಿ ನಾಲ್ಕನೆಯ ಜಾರ್ಜ್ ಎಡಿನ್‌ಬರೋಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಇಡೀ ಊರಿಗೆ ಟಾರ್ಟನ್ ಹೊದಿಸಿದ. ಸ್ಥೂಲಕಾಯದ ದೊರೆ ಕಿಲ್ಟಿನ ಕೆಳಗೆ ಮೈಬಣ್ಣದ ಬಿಗಿ ಕಾಲುಚೀಲ ತೊಟ್ಟು ನಗೆಗೀಡಾದ. ವಿಕ್ಟೋರಿಯಾ ರಾಣಿ ಸ್ಕಾಟ್‌ಲೆಂಡಿನ ಬಾಲ್ಮೊರಲ್‌ಗೆ ಮನಸೋತ ಮೇಲಂತೂ ರಾಜಕುಮಾರರಿಗೆಲ್ಲ ಕಿಲ್ಟ್. 1863ರಲ್ಲಿ ವಿಂಡ್ಸರ್‌ನಲ್ಲಿ ನಡೆದ ಯುವರಾಜನ ಮದುವೆಗೆ ರಾಣಿಯ ನಾಲ್ಕು ವರ್ಷದ ಮೊಮ್ಮಗನೊಬ್ಬ ಹೈಲ್ಯಾಂಡ್ ಉಡುಪಿನಲ್ಲಿ ಬಂದು, ಸುಮ್ಮನಿರು ಎಂದ ಚಿಕ್ಕ ಸೋದರಮಾವಂದಿರ ಕಾಲನ್ನು ಕಚ್ಚಿಬಿಟ್ಟ. ಮುಂದೆ ಜರ್ಮನಿಯ ಕೈಸರ್ ಆದವನು ಈ ಪೋರನೇ.

ಐರ್ಲೆಂಡಿನಲ್ಲಿ ಇದೇ ಬಟ್ಟೆ ಇಂಗ್ಲಿಷರ ವಿರುದ್ಧದ ಬಾವುಟವಾಯಿತು. ಐರಿಷ್ ಸ್ವಾತಂತ್ರ್ಯ ಹೋರಾಟಗಾರ ಪ್ಯಾಟ್ರಿಕ್ ಪಿಯರ್ಸ್ 1908ರಲ್ಲಿ ಡಬ್ಲಿನ್ನಿನಲ್ಲಿ ತೆರೆದ ಸೇಂಟ್ ಎಂಡಾಸ್ ಶಾಲೆಯ ಹುಡುಗರು ನಾಟಕ, ಮೆರವಣಿಗೆಗಳಲ್ಲಿ ಕಿಲ್ಟ್ ಉಡುತ್ತಿದ್ದರು. ಅದು ಐರಿಷರ ಅಸಲಿ ಉಡುಗೆಯೇ ಎಂಬ ಅನುಮಾನ ಪಿಯರ್ಸ್‌ಗೂ ಇತ್ತು. ಆದರೆ ವಸ್ತುಸಂಗ್ರಹಾಲಯದಲ್ಲಿ ಹಳೆಯ ಬಿಗಿ ಷರಾಯಿ ನೋಡಿ ಬಂದವನು, ಅದನ್ನು ತೊಟ್ಟವರು ಒಳಚಡ್ಡಿಯಲ್ಲೇ ಬೀದಿಗಿಳಿದಂತೆ ಕಾಣುತ್ತಾರೆ, ಅದಕ್ಕಿಂತ ಕಿಲ್ಟೇ ವಾಸಿ ಎಂದು ಬರೆದಿದ್ದ. ಇಂಗ್ಲಿಷರ ವಿರುದ್ಧದ 1916ರ ಈಸ್ಟರ್ ದಂಗೆಯ ನಂತರ ಅವನನ್ನು ಗುಂಡಿಟ್ಟು ಕೊಂದರು.

ಅದೇ 1908ರಲ್ಲಿ ಸ್ಕಾಟ್‌ಲೆಂಡಿನ ಡನ್‌ಬ್ಲೇನ್‌ನಲ್ಲಿ ಏಳನೆಯ ಎಡ್ವರ್ಡ್ ದೊರೆ ಕ್ವೀನ್ ವಿಕ್ಟೋರಿಯಾ ಶಾಲೆಯನ್ನು ಉದ್ಘಾಟಿಸಿದ. ರಾಣಿಯ ನೆನಪಿಗೂ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಮಡಿದ ಸ್ಕಾಟ್ ಸೈನಿಕರ ನೆನಪಿಗೂ ಕಟ್ಟಿದ, ಸೈನಿಕರ ಗಂಡುಮಕ್ಕಳ ವಸತಿಶಾಲೆ ಇದು. ಆ ಯುದ್ಧದ ಮಾಗರ್ಸ್‌ಫಾಂಟೈನ್ ಕಾಳಗದಲ್ಲಿ, 1899ರ ಡಿಸೆಂಬರ್ 11ರಂದು, ಹೈಲ್ಯಾಂಡ್ ಸಿಪಾಯಿಗಳು ಗುಂಡಿನ ಮಳೆಗೆ ಹೆದರಿ ದಿನವಿಡೀ ಬೋರಲು ಮಲಗಿದ್ದರು. ಕಿಲ್ಟ್ ಮುಚ್ಚದ ಮಂಡಿಯ ಹಿಂಭಾಗ ಬಿಸಿಲಿಗೆ ಬೆಂದು ಬೊಬ್ಬೆಯೆದ್ದಿತ್ತು. ಅಂಥವರ ಮಕ್ಕಳಿಗೂ ಮೆರವಣಿಗೆಗೆ ಕೊಟ್ಟದ್ದು ಕಿಲ್ಟನ್ನೇ.

ಕೊನೆಗೆ ಸೈನ್ಯವೇ ಅದನ್ನು ಕೈಬಿಟ್ಟಿತು. ಎರಡನೆಯ ಮಹಾಯುದ್ಧದ ಆರಂಭದಲ್ಲಿ ವಿಷಾನಿಲದ ಭಯದಿಂದ ರಣರಂಗದಲ್ಲಿ ಕಿಲ್ಟ್ ನಿಂತಿತು. 1940ರಲ್ಲಿ ಕ್ಯಾಮೆರಾನ್ ಹೈಲ್ಯಾಂಡರುಗಳು ಫ್ರಾನ್ಸಿನಲ್ಲಿ ಉಟ್ಟು ಹೋರಾಡಿದ್ದೇ ಕೊನೆ. ಶಾಲೆಗಳು ಮಾತ್ರ ಬಿಡಲಿಲ್ಲ. ಸ್ಕಾಟ್‌ಲೆಂಡಿನ ಸರ್ಕಾರಿ ಶಾಲೆಯ ಹುಡುಗ ದಿನನಿತ್ಯ ಹಾಕುವುದು ಪ್ಯಾಂಟನ್ನೇ. ಹಬ್ಬ, ಪೆರೇಡು, ಬ್ಯಾಗ್‌ಪೈಪ್ ವಾದ್ಯಮೇಳಗಳಿಗೆ ಕಿಲ್ಟನ್ನು ಕಾದಿಟ್ಟುಕೊಂಡವು ಹೆಚ್ಚಾಗಿ ಖಾಸಗಿ ಶಾಲೆಗಳು.

ಡನ್‌ಬ್ಲೇನ್ ಶಾಲೆಗೆ 1996ರಲ್ಲಿ ಹುಡುಗಿಯರೂ ಸೇರಿದರು. ಅಲ್ಲಿನ ವಾದ್ಯಮೇಳ ಎಡಿನ್‌ಬರೋದ ಮರ್ರಿಫೀಲ್ಡ್ ಮೈದಾನದ ರಗ್ಬಿ ಪಂದ್ಯಗಳಲ್ಲಿ ನುಡಿಸುತ್ತದೆ. ಆ ಶಾಲೆಯ ಖರ್ಚಿನ ಬಹುಪಾಲು ಇಂದಿಗೂ ಬರುವುದು ಶಿಕ್ಷಣ ಇಲಾಖೆಯಿಂದಲ್ಲ, ಬ್ರಿಟನ್ನಿನ ರಕ್ಷಣಾ ಇಲಾಖೆಯಿಂದ.