ಬೆತ್ತ ಶಾಲೆ ಬಿಟ್ಟಿತು, ಮನೆ ಬಿಡಲಿಲ್ಲ

ಹಳೆಯ ಕಾಲದ ಊರ ಶಾಲೆಗಳಾದ ಕೂಲಿಮಠಗಳಲ್ಲಿ ತಂಟೆ ಮಾಡಿದ ಹುಡುಗನನ್ನು ಕೋದಂಡಕ್ಕೆ ಏರಿಸುತ್ತಿದ್ದರು. ತೊಲೆಗೆ ಕಟ್ಟಿದ ಹಗ್ಗ ಹಿಡಿದು ಅವನು ನೇತಾಡಬೇಕು; ಕೈ ಸೋತರೆ ಬೆತ್ತ ಕಾದಿರುತ್ತಿತ್ತು. ಇದು ಮೇಷ್ಟರೊಬ್ಬರ ಕ್ರೌರ್ಯವಲ್ಲ, ಇದಕ್ಕೆ ಹೆತ್ತವರ ಸಮ್ಮತಿಯಿತ್ತು. 1860ರ ಭಾರತೀಯ ದಂಡ ಸಂಹಿತೆಯ 89ನೇ ಕಲಮು ಅಂಥ ಸಮ್ಮತಿಗೆ ಆಸರೆಯಾಯಿತು: 12 ವರ್ಷದೊಳಗಿನ ಮಗುವಿನ ಒಳಿತಿಗೆಂದು ಪೋಷಕರು ತಾವೇ, ಅಥವಾ ಅವರ ಒಪ್ಪಿಗೆ ಪಡೆದು ಬೇರೆಯವರು, ಸದುದ್ದೇಶದಿಂದ ಮಾಡಿದ್ದು ಕೆಲವು ಮಿತಿಗಳೊಳಗೆ ಅಪರಾಧವಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು 27ನೇ ಕಲಮಾಗಿ ಉಳಿದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿತು ನಿಜ, ಆದರೆ ಅದರ ಹಕ್ಕು ಆರರಿಂದ 14 ವರ್ಷದವರಿಗೆ. ಮೂರು ವರ್ಷದ ಮಗುವಿಗೆ ಅಡುಗೆಮನೆಯಲ್ಲಿ ಬೀಳುವ ಏಟು ಯಾರ ಲೆಕ್ಕಕ್ಕೂ ಬರಲಿಲ್ಲ. 2007ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಅಧ್ಯಯನ ಮೂವರಲ್ಲಿ ಇಬ್ಬರು ಮಕ್ಕಳು ಏಟು ತಿನ್ನುತ್ತಾರೆ ಎಂದಿತು. ಆದರೆ ಅದು ಮಾತಾಡಿಸಿದ್ದು ಐದು ವರ್ಷ ತುಂಬಿದವರನ್ನು, ಸುತ್ತಿದ 13 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ.

ಆ ಪುಟ್ಟ ಮಗುವಿನ ಮನೆಯವರನ್ನು ದಿನವೂ ಕಾಣುವವರು ಶಿಶುವಿಹಾರದ ಟೀಚರ್ ಒಬ್ಬರೇ. ದಕ್ಷಿಣ ಬೆಂಗಳೂರಿನಲ್ಲಿ ಈ ಟೀಚರ್ ಎರಡು ದಾರಿಯಿಂದ ಬಂದರು. 1948ರಲ್ಲಿ ರಾಜಾಜಿಯವರ ಕೈಯಿಂದ ಅಡಿಗಲ್ಲು ಕಂಡ ಜಯನಗರ, ಆಮೇಲೆ ಬೆಳೆದ ಬನಶಂಕರಿ, ಜೆ.ಪಿ. ನಗರಗಳ ಬಡಾವಣೆ ಮನೆಗಳಲ್ಲಿ ಮಾಂಟೆಸೊರಿ ಶಾಲೆಗಳು ತೆರೆದವು. 1939ರಲ್ಲಿ ಭಾರತಕ್ಕೆ ಬಂದ ಮರಿಯಾ ಮಾಂಟೆಸೊರಿ ಇಲ್ಲಿ ಶುರುಮಾಡಿದ ತರಬೇತಿಯ ಪರಂಪರೆ ಅದು. ಶಿಕ್ಷೆಯೂ ಬೇಡ, ಬಹುಮಾನವೂ ಬೇಡ ಎನ್ನುವುದು ಅದರ ನೆಲಗಟ್ಟು. ಅದೇ ಬಡಾವಣೆಗಳ ಹಿಂದಿನ ಕೊಳೆಗೇರಿಗಳಿಗೆ ಬಂದದ್ದು ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಆ ಯೋಜನೆಗೆ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ತಿ. ನರಸೀಪುರ. ಎರಡೂ ತರಬೇತಿಗಳು ಟೀಚರ್ ತನ್ನ ಕೈಯನ್ನು ಹಿಡಿತದಲ್ಲಿಟ್ಟುಕೊಳ್ಳುವುದನ್ನು ಕಲಿಸಿದವು. ತಾಯಿ ಕೈ ಎತ್ತಿದಾಗ ಏನು ಮಾಡಬೇಕೆಂಬುದಕ್ಕೆ ಎರಡರಲ್ಲೂ ಸಿಕ್ಕ ಜಾಗ ಕಡಿಮೆ.

ಮನೆಯ ವಿಷಯಕ್ಕೆ ಟೀಚರ್ ತಲೆಹಾಕಬಾರದು ಎನ್ನುವವರು ಅಂಗನವಾಡಿಯ ಚರಿತ್ರೆಯನ್ನು ನೋಡಬೇಕು. ತಾಯಂದಿರಿಗೆ ಪೋಷಣೆ, ಆರೋಗ್ಯದ ತಿಳಿವಳಿಕೆ ಕೊಡುವುದು ಮೊದಲಿನಿಂದಲೂ ಅದರ ಆರು ಸೇವೆಗಳಲ್ಲಿ ಒಂದು. ಹೆರಿಗೆಯಾದ ತಕ್ಷಣದ ಹಾಲನ್ನು ಚೆಲ್ಲಬೇಡಿ ಎಂದು ಅಜ್ಜಿಯರ ಎದುರೇ ಹೇಳಿದವರು, ಲಸಿಕೆಗೆ ಹೆದರಿದವರನ್ನು ಒಪ್ಪಿಸಿದವರು ಅಂಗನವಾಡಿ ಟೀಚರುಗಳೇ. ಜಯನಗರದ ಅಂಚಿನಲ್ಲೇ ಇರುವ ನಿಮ್ಹಾನ್ಸ್ 2014ರಲ್ಲಿ ರಾಜ್ಯ ಸರ್ಕಾರದ ನೆರವಿನಿಂದ ಮಕ್ಕಳ ಮಾನಸಿಕ ಆರೋಗ್ಯದ ಸಮುದಾಯ ಯೋಜನೆ ಆರಂಭಿಸಿ ಅಂಗನವಾಡಿಗಳಿಗೂ ಹೋಯಿತು. ಜಮೈಕಾದಲ್ಲಿ ಹೆಲೆನ್ ಬೇಕರ್-ಹೆನ್ನಿಂಗ್‌ಹ್ಯಾಮ್ ಅವರ ತಂಡ ಶಿಶುವಿಹಾರದ ಟೀಚರುಗಳಿಂದಲೇ ಪೋಷಕರ ಸಭೆ ನಡೆಸಿ, ಮನೆಯ ಏಟು ಕಡಿಮೆಯಾದದ್ದನ್ನು ತೋರಿಸಿದೆ. ಕಲಿಸಬೇಕಾದದ್ದೂ ಕೈಗೆಟುಕುವಂಥದ್ದು. ಮಗುವನ್ನು ಕರೆದೊಯ್ಯಲು ಬಂದ ತಾಯಿ, "ಮನೇಲಿ ಮಾತೇ ಕೇಳಲ್ಲ ಮಿಸ್, ನೀವೇ ಎರಡು ಬಿಡಿ" ಎನ್ನುತ್ತಾಳೆ. ಟೀಚರ್ ನಕ್ಕು ಸುಮ್ಮನಾದರೆ ಅದು ಸಮ್ಮತಿಯಾಗುತ್ತದೆ. ಕಾಯ್ದೆ ಓದಿದರೆ ಆಕೆ ನಾಳೆ ಬಾಯಿಬಿಡುವುದಿಲ್ಲ. ಯಾವಾಗ ಹಟ ಮಾಡುತ್ತೆ, ಊಟಕ್ಕೋ ಮೊಬೈಲಿಗೋ ಎಂದು ಕೇಳಿ, ಆ ಹೊತ್ತಿಗೆ ಮಾಡಬಹುದಾದ ಒಂದೇ ಒಂದು ಉಪಾಯವನ್ನು ಮಗುವಿನ ಜೊತೆ ಅಲ್ಲೇ ಮಾಡಿ ತೋರಿಸಬೇಕು. ಇದು ಅಭ್ಯಾಸದಿಂದ ಬರುವ ಕಸುಬು, ಸುತ್ತೋಲೆಯಿಂದ ಬರುವುದಿಲ್ಲ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ, ನಾವೂ ಏಟು ತಿಂದೇ ಬೆಳೆದವರಲ್ಲವೇ ಎಂಬ ವಾದಕ್ಕೆ ಉತ್ತರ ಇದೆ. 2016ರಲ್ಲಿ ಸಂಶೋಧಕರಾದ ಗರ್ಶಾಫ್ ಮತ್ತು ಗ್ರೋಗನ್-ಕೇಲರ್ 75 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಏಟಿನ ಜೊತೆ ಕಂಡದ್ದು ಹೆಚ್ಚಿದ ಆಕ್ರಮಣಶೀಲತೆ ಮತ್ತು ಹದಗೆಟ್ಟ ಪೋಷಕರು-ಮಗುವಿನ ನಂಟು. ವಿಧೇಯತೆ ಹೆಚ್ಚಿದ್ದು ಕಾಣಲಿಲ್ಲ. ಹೆಚ್ಚು ತೂಕದ ಆಕ್ಷೇಪ ಬೇರೆ. ಗೌರವಧನಕ್ಕೆ ದುಡಿಯುವ ಅಂಗನವಾಡಿ ಟೀಚರ್ ಮಕ್ಕಳ ತೂಕ, ರಿಜಿಸ್ಟರು, ಪೋಷಣ್ ಟ್ರ್ಯಾಕರ್ ಆ್ಯಪ್, ಸಮೀಕ್ಷೆ ಎಲ್ಲ ಮುಗಿಸಿ ಇದನ್ನೂ ಹೊರಬೇಕೇ? ಈ ಪ್ರಶ್ನೆ ನ್ಯಾಯವಾದದ್ದು. ಇದನ್ನು ಕೆಲಸವೆಂದು ಎಣಿಸಿ, ಬೇರೆ ಹೊರೆ ಇಳಿಸಿ, ಸಂಬಳ ಸೇರಿಸಿಯೇ ಕೇಳಬೇಕು. ಕೊಳೆಗೇರಿಯ ತಾಯಂದಿರಿಗೆ ಮಾತ್ರ ಪಾಠ ಹೇಳುವುದೂ ಸಲ್ಲದು. ಬಿಟಿಎಂ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿ ಬಾಗಿಲು ಮುಚ್ಚಿದ ಮೇಲೆ ಬೀಳುವ ಏಟಿಗೆ ಸಾಕ್ಷಿ ಇರುವುದಿಲ್ಲ ಅಷ್ಟೇ. ಶುಲ್ಕ ಕಟ್ಟುವ ಪೋಷಕರ ಮುಂದೆ ಖಾಸಗಿ ಶಿಶುವಿಹಾರದ ಟೀಚರಿಗೆ ಬಾಯಿ ಬರುವುದು ಇನ್ನೂ ಕಷ್ಟ. ಹಾಗಾಗಿ ತರಬೇತಿ ಇಬ್ಬರಿಗೂ ಒಂದೇ ಆಗಿರಬೇಕು, ಮತ್ತು ಮಾತಾಡಿದ ಟೀಚರ ಬೆನ್ನಿಗೆ ಆಡಳಿತ ಮಂಡಳಿ ನಿಲ್ಲಬೇಕೆಂಬುದು ಪರವಾನಗಿಯ ಷರತ್ತಾಗಬೇಕು.