ರಾಜಿ ಬೇರೆ, ನಾಮೆ ಬೇರೆ

ಹಿಂದಿ ಬರಹದಲ್ಲಿ ‘ರಾಜೀನಾಮಾ’ ಎಂಬ ಪದ ಕಂಡರೆ ಯಾರೋ ಮಂತ್ರಿ ಹುದ್ದೆ ಬಿಟ್ಟರೆಂದು ತಿಳಿಯಬಾರದು. ವ್ಯಾಜ್ಯ ಹೂಡಿದ ಇಬ್ಬರು ಒಂದು ಒಪ್ಪಂದಕ್ಕೆ ಬಂದು ಬರೆದುಕೊಟ್ಟ ಕಾಗದ ಅದು. ಹುದ್ದೆ ಬಿಡುವುದಕ್ಕೆ ಅವರದು ‘ಇಸ್ತೀಫಾ’. ‘ರಾಜೀನಾಮಾ’ದ ಮೂಲಾರ್ಥವೂ ಒಪ್ಪಂದದ ಕಾಗದವೇ: ರಾಜಿ ಎಂದರೆ ಒಪ್ಪಿಗೆ, ನಾಮೆ ಎಂದರೆ ಬರಹ. ಆದರೆ ಕನ್ನಡ, ಮರಾಠಿ, ತೆಲುಗುಗಳಲ್ಲಿ ಈ ಪದ ದಾರಿ ಬದಲಿಸಿ, ಕೂಡುವ ಪತ್ರದ ಬದಲು ಬಿಡುವ ಪತ್ರವಾಯಿತು. ಹೇಗೆಂಬುದರ ಒಂದು ಸುಳಿವು ಕಂದಾಯದ ಕಡತಗಳಲ್ಲಿದೆ. ಧಾರವಾಡ, ಬೆಳಗಾವಿಗಳು ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ ರೈತನೊಬ್ಬ ಹಿಡುವಳಿಯನ್ನು ತನ್ನ ಒಪ್ಪಿಗೆಯಿಂದಲೇ ಬಿಡುತ್ತಿದ್ದೇನೆಂದು ಸರ್ಕಾರಕ್ಕೆ ಬರೆದುಕೊಡುತ್ತಿದ್ದುದು ರಾಜೀನಾಮೆ. ಆ ಹೊಲದ ಕಂದಾಯ ಇನ್ನು ನನ್ನ ತಲೆಗೆ ಎಂದು ಹೊಸಬ ಬರೆದುಕೊಡುತ್ತಿದ್ದುದು ಕಬೂಲಾಯತ. ಹೊಲ ಬಿಡುವ ಪತ್ರ ಕುರ್ಚಿ ಬಿಡುವ ಪತ್ರವಾಗಲು ಬಹಳ ದೂರವೇನೂ ನಡೆಯಬೇಕಿರಲಿಲ್ಲ. ಆದರೆ ‘ರಾಜಿ’ ಮಾತ್ರ ಕನ್ನಡದಲ್ಲಿ ಹಳೆಯ ಮನೆಯಲ್ಲೇ ಉಳಿಯಿತು. ರಾಜಿ ಪಂಚಾಯಿತಿ ಮಾಡುವವರಿಗೂ ರಾಜೀನಾಮೆ ಕೊಡುವವರಿಗೂ ನಂಟಿದೆ ಎಂಬುದು ನಮಗೆ ಮರೆತೇ ಹೋಗಿದೆ.

ಈ ನಂಟನ್ನು ನೆನೆಯಲು ಕಾರಣವಿದೆ. ಅಧಿಕಾರಸ್ಥರು ಎರಡು ಬಗೆಯಲ್ಲಿ ಹಿಂದೆ ಸರಿಯುತ್ತಾರೆ: ಒಬ್ಬ ಮಂತ್ರಿ ಹುದ್ದೆಯಿಂದ, ಒಂದು ಸರ್ಕಾರ ತನ್ನ ನಿರ್ಧಾರದಿಂದ. ಎರಡಕ್ಕೂ ಈ ಪದದ ಎರಡು ಭಾಗಗಳೂ ಬೇಕು, ಮನಸಾರೆ ಒಪ್ಪಿಗೆ ಮತ್ತು ಕಾರಣ ಹೇಳುವ ಬರಹ. ನಮ್ಮಲ್ಲಿ ಮಂತ್ರಿಗಳು ಹೋಗುವಾಗ ನಾಮೆ ಇರುತ್ತದೆ, ರಾಜಿ ಇರುವುದಿಲ್ಲ. ನೀತಿಗಳು ಹೋಗುವಾಗ ಹೇಗೋ ರಾಜಿಯಾಗಿರುತ್ತದೆ, ನಾಮೆ ಇರುವುದಿಲ್ಲ. ಮೊದಲನೆಯದನ್ನು ಪತ್ರಿಕೆಗಳು ಯಾವಾಗಲೋ ಗುರುತಿಸಿವೆ. ಸಚಿವರು ‘ನೈತಿಕ ಹೊಣೆ ಹೊತ್ತು’ ಪತ್ರ ಕೊಟ್ಟೆ ಎನ್ನುತ್ತಾರೆ, ಮರುದಿನದ ತಲೆಬರಹ ‘ಸಚಿವರ ತಲೆದಂಡ’ ಎನ್ನುತ್ತದೆ. ದಂಡ ತಾನಾಗಿ ಕೊಡುವುದಲ್ಲ, ಇನ್ನೊಬ್ಬರು ವಸೂಲು ಮಾಡುವುದು.

ಕರ್ನಾಟಕದ ಮಟ್ಟಿಗೆ ಈ ಪದದ ಏರಿಳಿತವನ್ನು ರಾಮಕೃಷ್ಣ ಹೆಗಡೆಯವರೊಬ್ಬರಲ್ಲೇ ನೋಡಬಹುದು. 1984ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ ಸಿಕ್ಕಿದ್ದು ನಾಲ್ಕು. ಲೋಕಸಭೆಯ ಸೋಲಿಗೆ ಮುಖ್ಯಮಂತ್ರಿ ಹೋಗಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಜನಾದೇಶ ಕಳೆದುಕೊಂಡಿದ್ದೇವೆಂದು ಹೆಗಡೆ ರಾಜೀನಾಮೆ ಕೊಟ್ಟರು, ವಿಧಾನಸಭೆ ವಿಸರ್ಜನೆಯಾಯಿತು, 1985ರ ಮಾರ್ಚ್‌ನಲ್ಲಿ 139 ಸ್ಥಾನ ಗೆದ್ದು ಮರಳಿದರು. ಮರುವರ್ಷ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಷಯದಲ್ಲಿ ಹೈಕೋರ್ಟ್ ಸರ್ಕಾರವನ್ನು ಟೀಕಿಸಿದಾಗ ಮತ್ತೆ ಪತ್ರ ಬರೆದು ಮೂರೇ ದಿನಕ್ಕೆ ವಾಪಸ್ ತೆಗೆದುಕೊಂಡರು. 1988ರಲ್ಲಿ ದೂರವಾಣಿ ಕದ್ದಾಲಿಕೆ ಪ್ರಕರಣ ಬಂದಾಗ ಕೊಟ್ಟ ಪತ್ರ ವಾಪಸ್ ಬರಲಿಲ್ಲ. ಒಬ್ಬರೇ ಬರೆದ ಮೂರು ಪತ್ರ, ಮೂರು ಅರ್ಥ: ಮೊದಲನೆಯದರಲ್ಲಿ ಲೆಕ್ಕಾಚಾರವೂ ಇತ್ತು ನಿಜ, ಆದರೆ ಸೋಲುವ ಅಪಾಯವೂ ಅಷ್ಟೇ ನಿಜವಾಗಿತ್ತು. ಎರಡನೆಯದರಲ್ಲಿ ಪತ್ರವೇ ಒಂದು ಪರೀಕ್ಷೆಯಾಯಿತು, ಯಾರು ಯಾರು ಬೇಡವೆಂದು ಕೈಹಿಡಿಯುತ್ತಾರೆ ನೋಡೋಣ ಎಂಬಂತೆ. ಮೂರನೆಯದು ನಿಜಕ್ಕೂ ಹುದ್ದೆ ಬಿಡುವ ಪತ್ರವಾಯಿತು. ಆಮೇಲಿನ ರಾಜಕಾರಣ ಹೆಚ್ಚಾಗಿ ಕಲಿತದ್ದು ಎರಡನೆಯದನ್ನು.

ಆ ಕಲಿಕೆ 2019ರ ಜುಲೈನಲ್ಲಿ ಪೂರ್ತಿಯಾಯಿತು. ಆಡಳಿತ ಪಕ್ಷಗಳ ಶಾಸಕರು ಸಾಲಾಗಿ ಸದಸ್ಯತ್ವಕ್ಕೆ ರಾಜೀನಾಮೆ ಬರೆದರು, ಮೈತ್ರಿ ಸರ್ಕಾರ ಬಿತ್ತು, ಸ್ಪೀಕರ್ 17 ಮಂದಿಯನ್ನು ಅನರ್ಹಗೊಳಿಸಿದರು. ಸಂವಿಧಾನದ 190ನೇ ವಿಧಿಗೆ 1974ರಲ್ಲಿ ಸೇರಿಸಿದ ಮಾತೊಂದಿದೆ: ರಾಜೀನಾಮೆ ಸ್ವಯಂಪ್ರೇರಿತವೂ ನೈಜವೂ ಅಲ್ಲವೆಂದು ಸ್ಪೀಕರ್‌ಗೆ ಮನವರಿಕೆಯಾದರೆ ಅಂಗೀಕರಿಸುವಂತಿಲ್ಲ. ಬೆದರಿಸಿ ಪತ್ರ ಬರೆಸುವುದನ್ನು ತಡೆಯಲು ತಂದ ತಿದ್ದುಪಡಿ ಅದು. ಮನಸಾರೆ ಖುಷಿಯಿಂದಲೇ ಬರೆದವರನ್ನು ಅದು ಹೇಗೆ ತಡೆದೀತು? ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಉಪಚುನಾವಣೆಗೆ ನಿಲ್ಲಲು ಅಡ್ಡಿಯಿಲ್ಲವೆಂದೂ ಹೇಳಿತು. ಗೆದ್ದು ಬಂದವರ ಪೈಕಿ ಹತ್ತು ಮಂದಿ 2020ರ ಫೆಬ್ರುವರಿಯಲ್ಲಿ ಹೊಸ ಸರ್ಕಾರದ ಸಚಿವರಾದರು. ಹೊಲ ಬಿಡುವ ಪತ್ರ ಬರೆದವನೇ ಪಕ್ಕದ ದೊಡ್ಡ ಹೊಲಕ್ಕೆ ಕಬೂಲಾಯತವನ್ನೂ ಬರೆದಂತಾಯಿತು. ಮತದಾರರೇ ಆರಿಸಿ ಕಳಿಸಿದರಲ್ಲ, ನಿಮಗೇನು ತಕರಾರು ಎಂದು ಕೇಳಬಹುದು. ಮತದಾರರು ಅವರನ್ನು ಶಾಸಕರನ್ನಾಗಿ ಆರಿಸಿದ್ದು ಸರಿಯೇ ಎಂಬುದು ಅವರಿಗೆ ಬಿಟ್ಟದ್ದು. ಮೊದಲ ಸಲ ಕೊಟ್ಟ ಮತವನ್ನು ಏಕೆ ಬಿಸಾಡಿದಿರಿ ಎಂಬ ಪ್ರಶ್ನೆಗೆ ಮಾತ್ರ ಬರಹದ ಉತ್ತರ ಇವತ್ತಿಗೂ ಇಲ್ಲ.

ಇನ್ನು ನೀತಿಗಳ ಕಡೆ ನೋಡಿದರೆ, 2024ರ ಜುಲೈನ ಒಂದು ವಾರ ಸಾಕು. ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂಬ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಮುಖ್ಯಮಂತ್ರಿಯ ಸಾಮಾಜಿಕ ಜಾಲತಾಣ ಖಾತೆಯಲ್ಲಿ ‘ಸಿ’ ಮತ್ತು ‘ಡಿ’ ದರ್ಜೆಯ ಹುದ್ದೆಗಳಿಗೆ ಶೇ 100 ಎಂಬ ಪೋಸ್ಟ್ ಬಂತು, ಅಳಿಸಿಹೋಯಿತು, ಉದ್ಯಮಿಗಳು ಗದ್ದಲವೆಬ್ಬಿಸಿದರು, 17ರಂದು ಮಸೂದೆಗೆ ‘ತಾತ್ಕಾಲಿಕ ತಡೆ’ ಬಿತ್ತು. ಮಸೂದೆ ಒಳ್ಳೆಯದೋ ಕೆಟ್ಟದ್ದೋ ಎಂಬುದು ಬೇರೆ ಚರ್ಚೆ. ಸಂಪುಟ ಸೋಮವಾರ ಏನನ್ನು ನಂಬಿತ್ತು, ಬುಧವಾರದೊಳಗೆ ಯಾವ ವಾದ ಅದನ್ನು ಬದಲಿಸಿತು ಎಂಬುದೇ ಜನರಿಗೆ ತಿಳಿಯದ್ದು. ದೆಹಲಿಯದೂ ಬೇರೆ ಕಥೆಯಲ್ಲ. ಮೂರು ಕೃಷಿ ಕಾಯ್ದೆಗಳನ್ನು ಹಿಂಪಡೆಯುವುದಾಗಿ ಪ್ರಧಾನಿ 2021ರ ನವೆಂಬರ್ 19ರಂದು ಘೋಷಿಸಿದರು. 29ರಂದು ಒಂದೇ ದಿನ ಎರಡೂ ಸದನಗಳು ಚರ್ಚೆಯಿಲ್ಲದೆ ರದ್ದತಿ ಮಸೂದೆಯನ್ನು ಅಂಗೀಕರಿಸಿದವು. ಒಂದು ವರ್ಷ ದೆಹಲಿಯ ಗಡಿಯಲ್ಲಿ ಕುಳಿತ ರೈತರಿಗೆ ಕಾಯ್ದೆ ಹೋದದ್ದು ಸಿಕ್ಕಿತು, ಅದರಲ್ಲಿ ತಪ್ಪು ಏನಿತ್ತೆಂಬ ಮಾತು ಸಿಗಲಿಲ್ಲ; ಕೆಲವು ರೈತರಿಗೆ ಮನವರಿಕೆ ಮಾಡಲಾಗಲಿಲ್ಲ ಎಂಬುದಷ್ಟೇ ಸಿಕ್ಕಿದ್ದು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ತಾಲ್ಲೂಕು ಕೋರ್ಟಿನಲ್ಲಿ ಬೇಲಿ ಜಗಳಕ್ಕೆ ರಾಜಿಯಾದರೂ ಅದು ಲಿಖಿತವಾಗಿರಬೇಕು, ಪಕ್ಷಗಾರರ ಸಹಿ ಇರಬೇಕು. ಸರ್ಕಾರ ನಾಡಿನ ಜೊತೆ ಮಾಡಿಕೊಳ್ಳುವ ರಾಜಿಗೆ ಅಷ್ಟೂ ಬೇಡ.

ಹಿಂದೆ ಸರಿದವರನ್ನು ಹೀಗೆ ಕೆದಕಿದರೆ ನಾಳೆ ಯಾವ ಸರ್ಕಾರವೂ ತಪ್ಪು ತಿದ್ದಿಕೊಳ್ಳುವುದಿಲ್ಲ, ಹಟ ಹಿಡಿದು ಕೂರುತ್ತದೆ ಎಂಬುದು ಇದಕ್ಕೆ ಬರುವ ಗಟ್ಟಿಯಾದ ಆಕ್ಷೇಪ. ಅರ್ಧ ಸರಿ. ‘ಯು ಟರ್ನ್’ ಎಂಬ ಗೇಲಿಯನ್ನು ವಿರೋಧ ಪಕ್ಷಗಳೂ ಟಿವಿ ನಿರೂಪಕರೂ ಎಷ್ಟು ಸವೆಸಿದ್ದಾರೆಂದರೆ, ವಿವೇಕಕ್ಕೂ ಭಯಕ್ಕೂ ಅದೇ ಹೆಸರಾಗಿದೆ. ಆದರೆ ಕಾರಣ ಕೇಳುವುದು ಗೇಲಿಯಲ್ಲ. ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೊಮೀಟರ್ ಉಕ್ಕಿನ ಮೇಲ್ಸೇತುವೆ ಕಟ್ಟುವ ₹1,791 ಕೋಟಿಯ ಯೋಜನೆಯನ್ನು ಜನ ಬೀದಿಗಿಳಿದು ವಿರೋಧಿಸಿದರು, 2017ರ ಮಾರ್ಚ್‌ನಲ್ಲಿ ಸರ್ಕಾರ ಕೈಬಿಟ್ಟಿತು. ಬಿಟ್ಟದ್ದು ಒಳ್ಳೆಯದೇ ಆಯಿತು. ಆದರೆ ಆಗ ಮುಂದೆ ಬಂದ ಕಾರಣ ಕಿಕ್‌ಬ್ಯಾಕ್ ಆರೋಪ. ಯೋಜನೆ ಜನರ ಹಿತಕ್ಕೇ ಇತ್ತು ಎಂಬ ಹಟವನ್ನು ಸಚಿವರು ಬಿಡಲಿಲ್ಲ. ಮರ ಕಡಿಯುವುದು, ಬಸ್ಸು ರೈಲಿಗಿಂತ ಕಾರಿಗೆ ಹಣ ಸುರಿಯುವುದು, ಜನರನ್ನು ಕೇಳದೆ ಟೆಂಡರಿಗೆ ಹೋಗುವುದು, ಇವುಗಳಲ್ಲಿ ಯಾವುದು ತಪ್ಪೆಂದು ಸರ್ಕಾರ ಒಪ್ಪಿತು? ಯಾವುದನ್ನೂ ಅಲ್ಲ. ಹಾಗಾಗಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುರಂಗ ರಸ್ತೆಯ ಪ್ರಸ್ತಾಪ ಬಂದಾಗ ಅವೇ ಪ್ರಶ್ನೆಗಳನ್ನು ನಾಗರಿಕರು ಮೊದಲಿನಿಂದ ಕೇಳಬೇಕಾಯಿತು, ಅವಕ್ಕೆ ಹಿಂದೆಂದೂ ಯಾರೂ ಉತ್ತರಿಸಬೇಕಾಗಿ ಬಂದೇ ಇರಲಿಲ್ಲವೆಂಬಂತೆ.