ಎರಡನೇ ಪವರ್ ಸಪ್ಲೈ ಕೆಡುವ ಮುನ್ನ

ದೊಡ್ಡ ಚಾಸಿಸ್ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ಎರಡು ಪವರ್ ಸಪ್ಲೈ ಇರುತ್ತವೆ. ಒಂದು ಕೆಟ್ಟರೆ ಇನ್ನೊಂದು ಪೂರ್ತಿ ಹೊರೆ ಹೊರುತ್ತದೆ. ನೆಟ್‌ವರ್ಕ್ ನಿಲ್ಲುವುದಿಲ್ಲ, ಯಾರೂ ದೂರುವುದಿಲ್ಲ. ಅಪಾಯ ಇರುವುದೇ ಇಲ್ಲಿ. ಕೆಟ್ಟದ್ದು ಯಾರ ಕಣ್ಣಿಗೂ ಬೀಳದೆ ತಿಂಗಳುಗಟ್ಟಲೆ ಹಾಗೇ ಉಳಿದು, ಕೊನೆಗೊಂದು ದಿನ ಎರಡನೆಯದೂ ಕೈಕೊಟ್ಟರೆ ನೂರಾರು ಪೋರ್ಟುಗಳು ಒಟ್ಟಿಗೇ ಆರಿಹೋಗುತ್ತವೆ. ಕೆಟ್ಟರೂ ಕೆಲಸ ನಿಲ್ಲದ ಹಾಗೆ ಕಟ್ಟಿದ ಯಂತ್ರವನ್ನು ಬಿಡದೆ ವಿಚಾರಿಸುತ್ತಲೇ ಇರಬೇಕಾಗುತ್ತದೆ. ಮೂರು ದಶಕಗಳಿಂದ ಈ ವಿಚಾರಣೆ ಬಹುಪಾಲು ನಡೆದಿರುವುದು ಕಮಾಂಡ್ ಲೈನ್‌ನಲ್ಲೇ.

1990ರಲ್ಲಿ ಕ್ಯಾಲಿಫೋರ್ನಿಯಾದ ಕಲ್ಪನಾ ಕಂಪನಿ ಮೊದಲ ಈಥರ್ನೆಟ್ ಸ್ವಿಚ್ಚನ್ನು ತಂದಾಗ ಈ ಚಿಂತೆ ಅಷ್ಟಾಗಿ ಇರಲಿಲ್ಲ. ಅದು ಏಳು ಪೋರ್ಟುಗಳ ಪೆಟ್ಟಿಗೆ. ದೀಪ ನೋಡಿದರೆ ಬಹುಮಟ್ಟಿಗೆ ವಿಷಯ ತಿಳಿಯುತ್ತಿತ್ತು. ಸಿಸ್ಕೊ 1993ರಲ್ಲಿ ಕ್ರೆಸೆಂಡೊ ಕಂಪನಿಯನ್ನೂ ಮರುವರ್ಷ ಕಲ್ಪನಾವನ್ನೂ ಕೊಂಡುಕೊಂಡಿತು. ಕ್ರೆಸೆಂಡೊ ತಂತ್ರಜ್ಞಾನದಿಂದ ಬೆಳೆದ ಕ್ಯಾಟಲಿಸ್ಟ್ ಸರಣಿಯಲ್ಲಿ 1999ರಲ್ಲಿ 6500 ಬಂತು. ಸ್ಲಾಟುಗಳಲ್ಲಿ ಕಾರ್ಡುಗಳು, ಪಕ್ಕದಲ್ಲಿ ಫ್ಯಾನ್ ಟ್ರೇ, ಕೆಳಗೆ ಪವರ್ ಸಪ್ಲೈಗಳು. ಇಂಥ ಯಂತ್ರದ ಕನ್ಸೋಲ್‌ಗೆ ಹೋಗಿ ‘ಶೋ ಎನ್ವಿರಾನ್‌ಮೆಂಟ್’ ಎಂದು ಕೊಟ್ಟರೆ ಫ್ಯಾನ್ ಟ್ರೇ, ಪವರ್ ಸಪ್ಲೈ, ಪ್ರತಿ ಕಾರ್ಡಿನಿಂದ ಹೊರಬರುವ ಗಾಳಿಯ ಉಷ್ಣಾಂಶ ಎಲ್ಲವೂ ಸಾಲುಸಾಲಾಗಿ ಬರುತ್ತಿದ್ದವು. ‘ಶೋ ಮಾಡ್ಯೂಲ್’ ಕೊಟ್ಟರೆ ಯಾವ ಕಾರ್ಡ್ ಪರೀಕ್ಷೆಯಲ್ಲಿ ಪಾಸಾಗಿದೆ ಎಂಬುದು ತಿಳಿಯುತ್ತಿತ್ತು.

ಪ್ರದೀಪ್ ಸಿಂಧು 1996ರಲ್ಲಿ ಸ್ಥಾಪಿಸಿದ ಜೂನಿಪರ್ ಎರಡು ವರ್ಷಗಳ ನಂತರ ಎಂ40 ರೂಟರ್ ತಂದಿತು. ಅದರ ಜುನೋಸ್ ವ್ಯವಸ್ಥೆಯ ‘ಶೋ ಚಾಸಿಸ್ ಅಲಾರ್ಮ್ಸ್’ ಕಮಾಂಡ್ ಇಂದಿಗೂ ಮಾದರಿಯೆನ್ನಬಹುದು. ಎಲ್ಲ ಸರಿಯಿದ್ದರೆ ಸದ್ಯ ಯಾವ ಅಲಾರ್ಮೂ ಇಲ್ಲ ಎಂಬ ಒಂದೇ ಸಾಲು. ತೊಂದರೆಯಿದ್ದರೆ ಅದು ಮೇಜರ್ರೋ ಮೈನರ್ರೋ, ಯಾವಾಗಿನಿಂದ ಎಂಬ ವಿವರ. ನಡುರಾತ್ರಿ ಎದ್ದು ಬಂದ ಎಂಜಿನಿಯರ್‌ಗೆ ನೂರು ಸಾಲಿನ ಪಟ್ಟಿಗಿಂತ ಇದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಆದರೆ ಇವೆಲ್ಲವೂ ಒಬ್ಬರು ಲಾಗಿನ್ ಆಗಿ ಕೇಳಿದರೆ ಮಾತ್ರ ಸಿಗುವ ಉತ್ತರಗಳು. ಐನೂರು ಸ್ವಿಚ್ ಇರುವಲ್ಲಿ ದಿನವೂ ಹೀಗೆ ಕೇಳುವವರು ಯಾರು?

ಕೇಳುವ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಲು ದಾರಿ ಮಾಡಿಕೊಟ್ಟಿದ್ದು ನೆಟ್‌ವರ್ಕ್ ಉಪಕರಣಗಳನ್ನು ದೂರದಿಂದ ವಿಚಾರಿಸುವ ಪ್ರೋಟೋಕಾಲ್ ಎಸ್‌ಎನ್‌ಎಂಪಿ. 1990ರ ಮಾನದಂಡ ದಾಖಲೆ ಆರ್‌ಎಫ್‌ಸಿ 1157 ಅದರ ಮೊದಲ ಆವೃತ್ತಿಯನ್ನು ಗಟ್ಟಿಗೊಳಿಸಿತು. 1996ರಲ್ಲಿ ಬಂದ ಎಂಟಿಟಿ ಎಂಐಬಿ, ಚಾಸಿಸ್‌ನೊಳಗೆ ಸ್ಲಾಟ್, ಸ್ಲಾಟಿನೊಳಗೆ ಕಾರ್ಡ್, ಕಾರ್ಡಿನ ಮೇಲೆ ಸೆನ್ಸರ್ ಎಂದು ಯಾವುದು ಯಾವುದರೊಳಗಿದೆ ಎಂಬುದನ್ನು ಎಲ್ಲ ಕಂಪನಿಗಳಿಗೂ ಒಂದೇ ರೀತಿಯಲ್ಲಿ ಹೇಳಲು ಕಲಿಸಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕೋಡಿನಿಂದ ಬೆಳೆದ ನೆಟ್-ಎಸ್‌ಎನ್‌ಎಂಪಿಯ ‘ಎಸ್‌ಎನ್‌ಎಂಪಿವಾಕ್’ ಇದ್ದರೆ ಈ ವಂಶವೃಕ್ಷವನ್ನು ದೂರದಿಂದಲೇ ಓದಬಹುದು.

ಇನ್ನೊಂದು ದೊಡ್ಡ ಹೆಜ್ಜೆ ನೋಡಲು ತೀರಾ ಚಿಕ್ಕದು. ಈಥನ್ ಗಾಲ್‌ಸ್ಟಾಡ್ 1999ರಲ್ಲಿ ನೆಟ್‌ಸೇಂಟ್ ಹೆಸರಿನಲ್ಲಿ ಬಿಡುಗಡೆ ಮಾಡಿ, ನಂತರ ನಾಗಿಯೋಸ್ ಎಂದು ಕರೆದ ನಿಗಾ ವ್ಯವಸ್ಥೆ ತನ್ನ ಪ್ಲಗಿನ್‌ಗಳಿಂದ ನಾಲ್ಕೇ ಉತ್ತರ ಬಯಸಿತು: ಸೊನ್ನೆ ಎಂದರೆ ಸರಿ, ಒಂದು ಎಚ್ಚರಿಕೆ, ಎರಡು ಗಂಭೀರ, ಮೂರು ಗೊತ್ತಿಲ್ಲ. ಜೊತೆಗೆ ಮನುಷ್ಯರು ಓದಲು ಒಂದು ಸಾಲು. ಇಷ್ಟು ಸರಳ ಒಪ್ಪಂದ ಇದ್ದುದರಿಂದ ಯಾರು ಬೇಕಾದರೂ ಯಾವ ಸ್ವಿಚ್ಚಿಗೆ ಬೇಕಾದರೂ ತಪಾಸಣೆಯ ಸ್ಕ್ರಿಪ್ಟ್ ಬರೆಯುವಂತಾಯಿತು. ಜರ್ಮನಿಯ ಕಾನ್‌ಸೋಲ್ ಸಂಸ್ಥೆಯಿಂದ ಬಂದ, ಪರ್ಲ್‌ನಲ್ಲಿ ಬರೆದ ‘ಚೆಕ್_ಎನ್‌ಡಬ್ಲ್ಯುಸಿ_ಹೆಲ್ತ್’ ಇವುಗಳಲ್ಲಿ ಪ್ರಸಿದ್ಧವಾದುದು. ‘ಹಾರ್ಡ್‌ವೇರ್-ಹೆಲ್ತ್’ ಮೋಡ್‌ನಲ್ಲಿ ಓಡಿಸಿದರೆ ಎದುರಿಗಿರುವುದು ಯಾರ ಸ್ವಿಚ್ ಎಂದು ಮೊದಲು ಅದೇ ಪತ್ತೆಹಚ್ಚುತ್ತದೆ, ಆಮೇಲೆ ಆ ಕಂಪನಿಗೆ ತಕ್ಕ ಹಾಗೆ ಫ್ಯಾನು, ಪವರ್, ಉಷ್ಣಾಂಶಗಳನ್ನು ಕೇಳುತ್ತದೆ.

ಕಂಪನಿಗೆ ತಕ್ಕ ಹಾಗೆ ಏಕೆ ಕೇಳಬೇಕು? ಉತ್ತರ 2002ರ ಆರ್‌ಎಫ್‌ಸಿ 3433ರಲ್ಲಿದೆ. ಸೆನ್ಸರ್‌ಗಳಿಗೆಂದೇ ಬರೆದ ಈ ಮಾನದಂಡದಲ್ಲಿ ಒಂದು ಉಷ್ಣಾಂಶದ ಬೆಲೆ 385 ಎಂದು ಬಂದರೆ ಗಾಬರಿಪಡಬೇಕಾಗಿಲ್ಲ. ಪಕ್ಕದ ಕಾಲಮ್ಮಿನಲ್ಲಿ ನಿಖರತೆ 1 ಎಂದಿದ್ದರೆ ಅದು 38.5 ಡಿಗ್ರಿ. ನಿಜವಾಗಿ ಎಡವುವುದು ಸ್ಥಿತಿಯ ಕಾಲಮ್ಮಿನಲ್ಲಿ. ಅಲ್ಲಿ ‘ಓಕೆ’ ಎಂದಿದ್ದರೆ ಸೆನ್ಸರಿನಿಂದ ಬೆಲೆ ಓದಲು ಸಾಧ್ಯವಾಯಿತು ಎಂದಷ್ಟೇ ಅರ್ಥ. ಕಾರ್ಡ್ ಕಾದು ಕೆಂಡವಾಗಿದ್ದರೂ ಸೆನ್ಸರ್ ‘ಓಕೆ’ಯೇ! ಎಷ್ಟು ಡಿಗ್ರಿ ದಾಟಿದರೆ ಅಪಾಯ ಎಂಬ ಮಿತಿಗೆ ಈ ಮಾನದಂಡದಲ್ಲಿ ಜಾಗವೇ ಇಲ್ಲ. ಅದಕ್ಕೆ ಸಿಸ್ಕೊ ತನ್ನದೇ ಪ್ರತ್ಯೇಕ ಕೋಷ್ಟಕ ಇಟ್ಟುಕೊಂಡಿದೆ. ಅಳತೆಯನ್ನು ಎಲ್ಲರಿಗೂ ಒಂದಾಗಿಸಿ ಮಿತಿಯನ್ನು ಹೊರಗಿಟ್ಟದ್ದು ಈ ಕ್ಷೇತ್ರದ ದೊಡ್ಡ ಕೊರತೆ. ಅದರ ಹೊರೆ ಬಿದ್ದದ್ದು ಪ್ಲಗಿನ್ ಬರೆಯುವವರ ಮೇಲೆ.

ಕಳೆದ ದಶಕದಲ್ಲಿ ಸ್ವಿಚ್ಚುಗಳ ಒಳಗೇ ಲಿನಕ್ಸ್ ಎದ್ದು ಕಾಣತೊಡಗಿತು. ಅರಿಸ್ಟಾ ಕಂಪನಿಯ ಇಒಎಸ್‌ನಲ್ಲಿ ಕಮಾಂಡಿನ ಕೊನೆಗೆ ಪೈಪ್ ಹಾಕಿ ‘ಜೇಸನ್’ ಎಂದರೆ ಉತ್ತರ ನೇರವಾಗಿ ಸ್ಕ್ರಿಪ್ಟಿಗೆ ಒಗ್ಗುವ ರೂಪದಲ್ಲಿ ಸಿಗುತ್ತದೆ. ಪರದೆಯ ಮೇಲಿನ ಅಕ್ಷರಗಳನ್ನು ಹೆಕ್ಕಿ ತೆಗೆಯುವ ಪಾಡಿಲ್ಲ. ಮೈಕ್ರೋಸಾಫ್ಟ್ 2016ರಲ್ಲಿ ಮುಕ್ತಗೊಳಿಸಿದ ಸ್ವಿಚ್ ಕಾರ್ಯವ್ಯವಸ್ಥೆ ಸೋನಿಕ್‌ನಲ್ಲಿ ಪವರ್ ಸಪ್ಲೈಗೊಂದು, ಉಷ್ಣಾಂಶಕ್ಕೊಂದು ಎಂದು ಬೇರೆಬೇರೆ ಡೀಮನ್‌ಗಳು ಸದಾ ಓದುತ್ತ, ಕಂಡದ್ದನ್ನು ರೆಡಿಸ್ ಡೇಟಾಬೇಸಿನಲ್ಲಿ ಬರೆದಿಡುತ್ತವೆ. ‘ಶೋ ಸಿಸ್ಟಮ್-ಹೆಲ್ತ್ ಸಮ್ಮರಿ’ ಒಟ್ಟು ಸ್ಥಿತಿಯನ್ನು ಹೇಳುತ್ತದೆ. ಇತ್ತ ಓಪನ್‌ಕಾನ್ಫಿಗ್ ಗುಂಪಿನ ಮಾದರಿಗಳು ಮತ್ತು ಜಿಎನ್‌ಎಂಐ ಪ್ರೋಟೋಕಾಲ್ ಬಂದ ಮೇಲೆ ಕೇಳುವವರೆಗೆ ಕಾಯದೆ ಸ್ವಿಚ್ಚೇ ತನ್ನ ಅಂಕಿಗಳನ್ನು ಕಳಿಸುತ್ತಿರುತ್ತದೆ.

ಆದರೂ ಸೆನ್ಸರ್ ನೋಡಲಾಗದ ಕಾಯಿಲೆಗಳಿವೆ. 2017ರ ಆರಂಭದಲ್ಲಿ ಇಂಟೆಲ್ ತನ್ನ ಆಟಮ್ ಸಿ2000 ಪ್ರೊಸೆಸರಿನ ಕ್ಲಾಕ್ ಸಿಗ್ನಲ್ ನಿಂತುಹೋಗಬಹುದಾದ ದೋಷವನ್ನು ಒಪ್ಪಿಕೊಂಡಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಸಿಸ್ಕೊ, ಪೂರೈಕೆದಾರರ ಹೆಸರು ಹೇಳದೆ, ತನ್ನ ಕೆಲವು ಉಪಕರಣಗಳ ಕ್ಲಾಕ್ ಭಾಗ ಸುಮಾರು 18 ತಿಂಗಳ ಬಳಕೆಯ ನಂತರ ಕೆಡುವ ಸಾಧ್ಯತೆ ಹೆಚ್ಚುತ್ತದೆ ಎಂದು ಪ್ರಕಟಿಸಿತು. ಕೆಟ್ಟರೆ ಯಂತ್ರ ಮತ್ತೆ ಬೂಟ್ ಆಗುವುದಿಲ್ಲ. ಕೆಡುವ ಕ್ಷಣದವರೆಗೂ ಫ್ಯಾನ್ ತಿರುಗುತ್ತಿರುತ್ತದೆ, ಉಷ್ಣಾಂಶ ಮಿತಿಯೊಳಗಿರುತ್ತದೆ, ಎಷ್ಟು ಬಾರಿ ಪ್ಲಗಿನ್ ಓಡಿಸಿದರೂ ಸೊನ್ನೆಯೇ ಬರುತ್ತದೆ. ಆಗ ನೆರವಿಗೆ ಬಂದದ್ದು ಆರೋಗ್ಯದ ಕಮಾಂಡ್ ಎಂದು ಯಾರೂ ಎಣಿಸದಿದ್ದ ‘ಶೋ ಇನ್ವೆಂಟರಿ’. ಅದು ಕೊಡುವ ಮಾದರಿ ಸಂಖ್ಯೆ ಮತ್ತು ಸೀರಿಯಲ್ ನಂಬರುಗಳನ್ನು ಕಂಪನಿಯ ಫೀಲ್ಡ್ ನೋಟಿಸ್‌ಗಳೊಂದಿಗೆ ತಾಳೆ ನೋಡಿ, ಇನ್ನೂ ಚೆನ್ನಾಗಿ ಓಡುತ್ತಿರುವ ಯಂತ್ರಗಳಲ್ಲಿ ಯಾವುವನ್ನು ಮೊದಲು ಬದಲಿಸಬೇಕು ಎಂದು ನಿರ್ಧರಿಸಬೇಕಾಯಿತು.